ಮಗನ ಕಾಲೇಜು ಫುಟ್‌ಬಾಲ್: ಮೊದಲ ಇಮೇಲ್‌ನಿಂದ ಡಿಗ್ರಿ ಆಡಿಟ್‌ವರೆಗೆ ನಾವು ಕಂಡದ್ದು

ನಮ್ಮ ಮಗ ಈಗ ಎಂಜಿನಿಯರಿಂಗ್ ಎರಡನೇ ವರ್ಷ. ಇಷ್ಟರಲ್ಲೇ ಎರಡು ಯೂನಿವರ್ಸಿಟಿ ಕಂಡಿದ್ದಾನೆ. ಕಾರಣ ಫುಟ್‌ಬಾಲ್. ಸಾಕರ್ ಅಲ್ಲ, ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು ಆಡುವ ಫುಟ್‌ಬಾಲ್. ಅವನು ಅದರಲ್ಲಿ ಕಿಕ್ಕರ್, ಅಂದರೆ ಚೆಂಡು ಒದೆಯುವುದೇ ಅವನ ಕೆಲಸ. ಈ ಜನವರಿಯಲ್ಲಿ ಹೊಸ ಕಾಲೇಜಿನಿಂದ ಅವನ ಡಿಗ್ರಿ ಆಡಿಟ್ (ಡಿಗ್ರಿಗೆ ಯಾವ ಕೋರ್ಸ್ ಮುಗಿದಿದೆ ಎಂಬ ಲೆಕ್ಕಪಟ್ಟಿ) ಬಂತು, ಎಲ್ಲ ಕ್ರೆಡಿಟ್ ಸರಿ ಇದೆ ಎಂದು. ಅವತ್ತು ನಾನು ನೆಮ್ಮದಿಯಾಗಿ ಮಲಗಿದೆ.

ನಮ್ಮ ಕನ್ನಡ ಕೂಟದಲ್ಲಿ 9, 10ನೇ ತರಗತಿ ಮಕ್ಕಳಿರುವ ಅಪ್ಪ ಅಮ್ಮಂದಿರು ಕಾಲೇಜು ತಂಡ ಸೇರುವುದು ಹೇಗೆ ಎಂದು ಆಗಾಗ ಕೇಳುತ್ತಾರೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಟ ನಾಳೆ ನಿಂತುಹೋದರೂ ನಿಮ್ಮ ಮಗ ಓದು ಮುಂದುವರಿಸಲು ಇಷ್ಟಪಡುವ ಕಾಲೇಜನ್ನೇ ನೋಡಿ. ಕೋಚ್ ಹೋಗುತ್ತಾರೆ, ನಿಯಮ ಬದಲಾಗುತ್ತದೆ, ದುಡ್ಡು ಬೇರೆ ಕಡೆ ಹರಿಯುತ್ತದೆ. ಈ ಮೂರೂ ನಮಗೆ ಎರಡೇ ವರ್ಷದಲ್ಲಿ ಆದವು.

ನಮ್ಮ ಮನೆ ಇರುವುದು ಡಾಲಸ್ ಹತ್ತಿರ. ಟೆಕ್ಸಸ್‌ನಲ್ಲಿ ಶುಕ್ರವಾರ ರಾತ್ರಿಯ ಹೈಸ್ಕೂಲ್ ಪಂದ್ಯ ಅಂದರೆ ಊರಹಬ್ಬ ಇದ್ದಹಾಗೆ. ಪಕ್ಕದ ಆ್ಯಲೆನ್ ಊರಿನಲ್ಲಿ ಹೈಸ್ಕೂಲ್ ಮಕ್ಕಳಿಗಾಗಿ 2012ರಲ್ಲಿ ಸುಮಾರು 6 ಕೋಟಿ ಡಾಲರ್‌ನ ಸ್ಟೇಡಿಯಂ ಕಟ್ಟಿದರು. 18 ಸಾವಿರ ಜನ ಕೂರಬಹುದು. ಮಗ ಸಾಕರ್ ಆಡುತ್ತಿದ್ದ. ಅವನ ಒದೆತ ನೋಡಿದ ಫುಟ್‌ಬಾಲ್ ಕೋಚ್ 10ನೇ ತರಗತಿಯಲ್ಲಿ ಕರೆದರು. ಈ ದೇಶದಲ್ಲಿ ಎಷ್ಟೋ ಕಿಕ್ಕರ್‌ಗಳು ಹೀಗೇ ಶುರುವಾಗುತ್ತಾರೆ. ನಮ್ಮ ಮಕ್ಕಳಿಗೆ ಮೈಕಟ್ಟು ಸಾಲದು ಎಂದು ಹಿಂಜರಿಯುವವರಿಗೆ ಇದು ಗೊತ್ತಿರಲಿ. ಕಿಕ್ಕರ್, ಪಂಟರ್ (ಚೆಂಡನ್ನು ಕೈಯಿಂದ ಬಿಟ್ಟು ದೂರ ಒದೆಯುವವನು) ಜಾಗಗಳಲ್ಲಿ ಕಾಲಿನ ಹದ, ತಾಳ್ಮೆ ಮುಖ್ಯ.

ಆಗಿನ ನಿಯಮದಲ್ಲಿ 11ನೇ ತರಗತಿಯ ಸೆಪ್ಟೆಂಬರ್ 1ರಿಂದ ಕಾಲೇಜು ಕೋಚ್‌ಗಳು ಮಕ್ಕಳಿಗೆ ನೇರವಾಗಿ ಇಮೇಲ್, ಮೆಸೇಜ್ ಕಳಿಸಬಹುದಿತ್ತು. ಅವತ್ತು ಬೆಳಗ್ಗೆಯಿಂದಲೇ ಮಗ ಫೋನ್ ಹಿಡಿದು ಕೂತಿದ್ದ. ಒಂದಿಷ್ಟು ಬಂದವು. ಹೆಚ್ಚಿನವು ಕ್ಯಾಂಪ್‌ಗೆ ಬನ್ನಿ ಅನ್ನುವ ಸಾಮೂಹಿಕ ಪತ್ರಗಳು. ಕ್ಯಾಂಪ್ ಪತ್ರಕ್ಕೂ ನಿಜವಾದ ಆಸಕ್ತಿಗೂ ವ್ಯತ್ಯಾಸ ಇದೆ. ಕೋಚ್ ಮಗನ ಹೆಸರು ಹಿಡಿದು, ಅವನ ವಿಡಿಯೋದ ಒಂದು ಕಿಕ್ ಬಗ್ಗೆ ಬರೆದಿದ್ದರೆ ಅದು ಆಸಕ್ತಿ. ಉಳಿದದ್ದು ಕ್ಯಾಂಪಿನ ಜಾಹೀರಾತು.

ಖರ್ಚು ಶುರುವಾಗುವುದು ಇಲ್ಲಿಂದ. ಒಂದು ಕಿಕ್ಕಿಂಗ್ ಕ್ಯಾಂಪ್‌ಗೆ ನಾವು 300ರಿಂದ 700 ಡಾಲರ್ ಕೊಟ್ಟಿದ್ದೇವೆ. ವಿಮಾನ, ಹೋಟೆಲ್ ಬೇರೆ. ಖಾಸಗಿ ಕಿಕ್ಕಿಂಗ್ ಕೋಚ್‌ಗೆ ಗಂಟೆಗೆ ಸುಮಾರು 80 ಡಾಲರ್. ಕಾಲೇಜೇ ಖರ್ಚು ಕೊಟ್ಟು ಕರೆಸಿಕೊಂಡರೆ ಅದು ಅಫಿಶಿಯಲ್ ವಿಸಿಟ್. ನಮ್ಮ ದುಡ್ಡಲ್ಲಿ ಹೋದರೆ ಅನಫಿಶಿಯಲ್. ನಮ್ಮದು ಬಹುಪಾಲು ಎರಡನೆಯದೇ. ಎಲ್ಲ ಕ್ಯಾಂಪ್‌ಗೂ ಹೋಗಬೇಕಿಲ್ಲ. ಆ ಕಾಲೇಜಿನ ಈಗಿನ ಕಿಕ್ಕರ್ ಯಾವ ವರ್ಷದಲ್ಲಿದ್ದಾನೆ ಎಂದು ತಂಡದ ಪಟ್ಟಿ ನೋಡಿ. ಅವನು ಇನ್ನೂ ಮೊದಲನೇ ವರ್ಷದಲ್ಲಿದ್ದರೆ ಅಲ್ಲಿ ನಿಮ್ಮ ಮಗನಿಗೆ ಕೆಲಸ ಕಡಿಮೆ. ಇನ್ನೊಂದು ವಿಷಯ: ಹೈಸ್ಕೂಲಿನಲ್ಲಿ ಚೆಂಡನ್ನು ಒಂದು ಸಣ್ಣ ದಿಮ್ಮಿಯ ಮೇಲಿಟ್ಟು ಫೀಲ್ಡ್ ಗೋಲ್ (ಎರಡು ಕಂಬದ ನಡುವೆ ಚೆಂಡು ದಾಟಿಸುವುದು) ಒದೆಯಬಹುದು. ಕಾಲೇಜಿನಲ್ಲಿ ನೆಲದಿಂದಲೇ ಒದೆಯಬೇಕು. ಕೋಚ್‌ಗಳಿಗೆ ಕಳಿಸುವ ವಿಡಿಯೋದಲ್ಲಿ ನೆಲದಿಂದ ಒದ್ದದ್ದೇ ಇರಲಿ.

ಇನ್ನು ಕಾಗದಪತ್ರ. ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಆಡಬೇಕಾದರೆ, ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಎಲಿಜಿಬಿಲಿಟಿ ಸೆಂಟರ್‌ನಲ್ಲಿ (ಅರ್ಹತೆ ನೋಡುವ ಕಚೇರಿ) ಖಾತೆ ತೆರೆಯಬೇಕು. ಹೈಸ್ಕೂಲಿನ 16 ಕೋರ್ ಕೋರ್ಸ್ ಆಗಿರಬೇಕು. ಇಂಗ್ಲಿಷ್ 4 ವರ್ಷ, ಗಣಿತ 3, ವಿಜ್ಞಾನ 2, ಈ ಮೂರರಲ್ಲಿ ಯಾವುದಾದರೂ ಇನ್ನೊಂದು, ಸಮಾಜ ವಿಜ್ಞಾನ 2, ಬೇರೆ 4. ಕೋರ್ ಕೋರ್ಸ್‌ಗಳ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಕನಿಷ್ಠ 2.3. ಹದಿನಾರರಲ್ಲಿ 10 ಕೋರ್ಸ್ 12ನೇ ತರಗತಿ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಆ ಹತ್ತರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವೇ ಇರಬೇಕು. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ ಬೇಕು ಅನ್ನುವ ನಿಯಮವನ್ನು 2023ರಲ್ಲಿ ತೆಗೆದರು. ನಮ್ಮ ಮನೆ ಮಕ್ಕಳಿಗೆ 2.3 ದೊಡ್ಡದಲ್ಲ ಅನಿಸಬಹುದು. ತೊಡಕು ಇರುವುದು ಅಂಕದಲ್ಲಿ ಅಲ್ಲ, ಪಟ್ಟಿಯಲ್ಲಿ. ಪ್ರತಿ ಹೈಸ್ಕೂಲಿಗೂ ಎನ್‌ಸಿಎಎ ಒಪ್ಪಿದ ಕೋರ್ಸ್‌ಗಳ ಪಟ್ಟಿ ಇದೆ. ಬೇಸಿಗೆಯಲ್ಲಿ ಆನ್‌ಲೈನ್ ಕೋರ್ಸ್ ಮಾಡಿಸುವವರು ಅದು ಆ ಪಟ್ಟಿಯಲ್ಲಿ ಇದೆಯಾ ಎಂದು ಮೊದಲೇ ನೋಡಿಕೊಳ್ಳಿ.

ನಮಗೆ ಇನ್ನೊಂದು ತೊಡಕು ಬಂತು. 2020ರಲ್ಲಿ ಗಂಡನ ಕೆಲಸದ ಮೇಲೆ ನಾವು ಬೆಂಗಳೂರಿನಲ್ಲಿದ್ದೆವು. ಮಗ 9ನೇ ಕ್ಲಾಸ್ ಅಲ್ಲೇ ಸಿಬಿಎಸ್‌ಇ ಶಾಲೆಯಲ್ಲಿ ಓದಿದ. ಕೋವಿಡ್ ಕಾಲ, ಪೂರಾ ಆನ್‌ಲೈನ್. ಅಮೆರಿಕದ ಲೆಕ್ಕದಲ್ಲಿ ಹೈಸ್ಕೂಲ್ ಅಂದರೆ 9ರಿಂದ 12. ಹಾಗಾಗಿ ಆ ವರ್ಷದ ಅಂಕಪಟ್ಟಿ ಶಾಲೆಯ ಮೊಹರು, ಸಹಿ ಸಮೇತ ಬೇಕು ಎಂದು ಎಲಿಜಿಬಿಲಿಟಿ ಸೆಂಟರ್‌ನವರು ಹೇಳಿದರು. ಬೆಂಗಳೂರಿನ ಶಾಲೆಯ ಆಫೀಸಿನಲ್ಲಿ ನನ್ನ ತಮ್ಮನಿಗೆ ಸಿಕ್ಕ ಉತ್ತರ: "9ನೇ ಕ್ಲಾಸ್‌ದು ಯಾಕ್ ಸರ್? 10ನೇ ಕ್ಲಾಸ್ ಬೋರ್ಡ್ ಮಾರ್ಕ್ಸ್ ಕಾರ್ಡ್ ಕೊಡಿ ಸಾಕು." ಮಗ 10 ಅಲ್ಲಿ ಓದಿಯೇ ಇಲ್ಲ. 9ನೇದು ಬೋರ್ಡ್ ಪರೀಕ್ಷೆ ಅಲ್ಲವಾದ್ದರಿಂದ ಅದನ್ನು ಯಾರೂ ಜೋಪಾನ ಮಾಡುವುದಿಲ್ಲ. ಒಮ್ಮೆ ಪ್ರಿನ್ಸಿಪಾಲ್ ರಜೆ, ಇನ್ನೊಮ್ಮೆ ಹಳೇ ರೆಕಾರ್ಡ್ ಇನ್ನೊಂದು ಬ್ರಾಂಚಿನಲ್ಲಿ. ತಮ್ಮ ಪಾಪ ಕೆಲಸ ಬಿಟ್ಟು ಅಲೆದ. ಊರಿನಿಂದ ವಾಪಸ್ ಬರುವವರು 8ನೇ ಕ್ಲಾಸ್ ದಾಟಿದ ಮಕ್ಕಳ ಎಲ್ಲ ಅಂಕಪಟ್ಟಿಯ ಮೂಲಪ್ರತಿಯನ್ನೂ, ಮೊಹರು ಹಾಕಿದ ಇನ್ನೊಂದು ಪ್ರತಿಯನ್ನೂ ಇಸಿದುಕೊಂಡೇ ವಿಮಾನ ಹತ್ತಿ.

ಕೊನೆಗೆ ಕಾಗದ ಸಿಕ್ಕಿ ಎಲಿಜಿಬಿಲಿಟಿ ಸೆಂಟರ್‌ಗೆ ಕಳಿಸಿದ್ದಾಯಿತು, ಖಾತೆಯಲ್ಲಿ ಏನೂ ಅಲುಗಲಿಲ್ಲ. ವಾರಗಟ್ಟಲೆ ಕಾದೆವು. ಫೋನ್ ಮಾಡಿದಾಗ ತಿಳಿಯಿತು: ಡಿವಿಷನ್ 1 ಅಥವಾ 2ರ ಯಾವುದಾದರೂ ಕಾಲೇಜು ಈ ಹುಡುಗ ನಮಗೆ ಬೇಕು ಎಂದು ತನ್ನ ಕೋರಿಕೆ ಪಟ್ಟಿಯಲ್ಲಿ ಹೆಸರು ಸೇರಿಸಿದ ಮೇಲೇ ಅಂತಿಮ ಪರಿಶೀಲನೆ. ಅಲ್ಲಿಯತನಕ ಎಷ್ಟು ಕಾದರೂ ಅಷ್ಟೇ. ಆದರೆ ಈ ನಿಯಮ ಇನ್ನೊಂದು ರೀತಿಯಲ್ಲಿ ಕೆಲಸಕ್ಕೆ ಬರುತ್ತದೆ. ಯಾವ ಕೋಚ್ ಆಸೆ ಹುಟ್ಟಿಸುವಂತೆ ಮಾತಾಡಿದರೂ, "ನಮ್ಮ ಹುಡುಗನ ಹೆಸರು ನಿಮ್ಮ ಕೋರಿಕೆ ಪಟ್ಟಿಗೆ ಸೇರಿಸಿದ್ದೀರಾ?" ಎಂದು ಕೇಳಿ.

12ನೇ ತರಗತಿಯ ಚಳಿಗಾಲದಲ್ಲಿ ಹೊರರಾಜ್ಯದ ಒಂದು ದೊಡ್ಡ ಸರ್ಕಾರಿ ಯೂನಿವರ್ಸಿಟಿಯಿಂದ ಮಾತು ಬಂತು. ಪ್ರಿಫರ್ಡ್ ವಾಕ್-ಆನ್. ತಂಡದಲ್ಲಿ ಜಾಗ ಉಂಟು, ಸ್ಕಾಲರ್‌ಶಿಪ್ ಇಲ್ಲ. ಆಗ ಮೇಲಿನ ಹಂತದ ತಂಡಗಳು, ಅಂದರೆ ಎಫ್‌ಬಿಎಸ್ ತಂಡಗಳು, 85 ಜನಕ್ಕೆ ಮಾತ್ರ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಅದರ ಮೇಲೆ ಸ್ವಂತ ಖರ್ಚಿನಲ್ಲಿ ಬರುವ ಹುಡುಗರು. ಎಲ್ಲ ಸೇರಿ 120 ದಾಟುವುದು ಸಾಮಾನ್ಯವಾಗಿತ್ತು. ಕಿಕ್ಕರ್‌ಗಳಲ್ಲಿ ಹೆಚ್ಚಿನವರು ಹೀಗೇ ಸೇರಿ, ಆಡಿ ತೋರಿಸಿ, ಆಮೇಲೆ ಸ್ಕಾಲರ್‌ಶಿಪ್ ಪಡೆಯುತ್ತಿದ್ದರು. ಹಾಸನದಲ್ಲಿರುವ ಮಾವನವರಿಗೆ ಫೋನಿನಲ್ಲಿ ವಿವರಿಸಿದಾಗ ಅವರು ಕೇಳಿದ್ದು ಒಂದೇ. "ದುಡ್ಡು ನಾವೇ ಕೊಟ್ಟು ಅವರಿಗೋಸ್ಕರ ಆಡೋದಾ? ಓದು ಹೆಂಗಿದೆ ಅಲ್ಲಿ?" ಓದು ಚೆನ್ನಾಗಿತ್ತು. ಎಂಜಿನಿಯರಿಂಗ್ ಕಾಲೇಜಿಗೆ ಒಳ್ಳೆಯ ಹೆಸರು. ಅದನ್ನೇ ನೋಡಿ ಒಪ್ಪಿದೆವು.

ಒಪ್ಪಿಕೊಂಡ ಕೆಲವೇ ವಾರದಲ್ಲಿ ಮಗನನ್ನು ಆರಿಸಿದ್ದ ಸ್ಪೆಷಲ್ ಟೀಮ್ಸ್ ಕೋಚ್ (ಕಿಕ್ಕರ್‌ಗಳನ್ನು ನೋಡಿಕೊಳ್ಳುವವರು) ಬೇರೆ ಕೆಲಸ ಹಿಡಿದು ಹೊರಟರು. ಮಗ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಈ ದೇಶದ ಕೋಚ್‌ಗಳ ಬದುಕೇ ಹಾಗೆ. ಡಿಸೆಂಬರ್, ಜನವರಿಯಲ್ಲಿ ಅರ್ಧಕ್ಕರ್ಧ ಸಿಬ್ಬಂದಿ ಊರು ಬದಲಿಸುತ್ತಾರೆ. ಹೆಡ್ ಕೋಚ್ ಹೋದರೆ ಅವರ ಜತೆ ಬಂದವರೆಲ್ಲ ಹೋಗುತ್ತಾರೆ. ತೆಗೆದುಹಾಕಲು ಕೊಡುವ ದುಡ್ಡು ಕೇಳಿದರೆ ತಲೆ ತಿರುಗುತ್ತದೆ. 2023ರ ನವೆಂಬರ್‌ನಲ್ಲಿ ನಮ್ಮ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ ಜಿಂಬೊ ಫಿಶರ್ ಅವರನ್ನು ಬಿಡಿಸಿದಾಗ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಜಾಸ್ತಿ. ಹೊಸ ಕೋಚ್ ಹಳೆಯವರ ಮಾತು ಉಳಿಸಿಕೊಳ್ಳಲೇಬೇಕು ಅಂತೇನೂ ಇಲ್ಲ. ನಮ್ಮ ಅದೃಷ್ಟಕ್ಕೆ ಹೊಸಬರು ಉಳಿಸಿಕೊಂಡರು. ಕೋಚ್ ಬದಲಾದ ದಿನವೇ ಹೊಸಬರಿಗೆ ವಿನಯವಾಗಿ ಒಂದು ಇಮೇಲ್ ಕಳಿಸಿ, ಮಗನ ಸ್ಥಾನದ ಬಗ್ಗೆ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಅದೇ ಹೊತ್ತಿಗೆ ಫಾಫ್ಸಾ ಗೊಂದಲ. ಕೇಂದ್ರ ಸರ್ಕಾರದ ಈ ನೆರವಿನ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ತೆರೆಯುತ್ತದೆ. ಆ ವರ್ಷ ಹೊಸ ನಮೂನೆ ತಂದರು. ತೆರೆದದ್ದು 2023ರ ಡಿಸೆಂಬರ್ ಕೊನೆಗೆ. ಕಾಲೇಜುಗಳಿಗೆ ಮಾಹಿತಿ ಹೋಗಲು ಶುರುವಾದದ್ದು ಮಾರ್ಚ್‌ನಲ್ಲಿ. ನೆರವು ಎಷ್ಟು ಸಿಗುತ್ತದೆ ಎಂದು ತಿಳಿಯದೆಯೇ ಸೀಟಿಗೆ ಮುಂಗಡ ಕಟ್ಟಿದೆವು. ಕೊನೆಗೆ ವರ್ಷದ ಒಟ್ಟು ಖರ್ಚು 52 ಸಾವಿರ ಡಾಲರ್ ಆಸುಪಾಸು, ಅದರಲ್ಲಿ ಓದಿನ ಮೆರಿಟ್‌ಗೆ 10 ಸಾವಿರ ಬಿಟ್ಟರು. ಉಳಿದದ್ದು ನಮ್ಮ ಜೇಬು.

2024ರ ಬೇಸಿಗೆಯಲ್ಲಿ ಮಗನನ್ನು ಕಾಲೇಜಿಗೆ ಬಿಟ್ಟುಬಂದೆವು. ಮೊದಲ ಬಿಲ್ಲಿನಲ್ಲೇ ಅಥ್ಲೆಟಿಕ್ಸ್ ಶುಲ್ಕ ಅಂತ ಒಂದು ಸಾಲು ಇತ್ತು. ಟಿವಿಯಿಂದ ಬರುವ ದುಡ್ಡು ದೊಡ್ಡ ಲೀಗ್‌ಗಳಿಗೆ ಹೋಗುತ್ತದೆ. ಬಿಗ್ ಟೆನ್ ಲೀಗ್ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡಿದೆ. ಅಂಥ ಲೀಗ್‌ನ ಹೊರಗಿರುವ ಎಷ್ಟೋ ಕಾಲೇಜುಗಳು ವಿದ್ಯಾರ್ಥಿಗಳ ಶುಲ್ಕದಿಂದಲೇ ಕ್ರೀಡಾ ವಿಭಾಗ ನಡೆಸುತ್ತವೆ. ತಂಡಕ್ಕಾಗಿ ಬೆವರು ಹರಿಸುವ ವಾಕ್-ಆನ್ ಹುಡುಗನೂ ಅದನ್ನು ಕಟ್ಟುತ್ತಾನೆ. ಇದು ನನಗೆ ಈಗಲೂ ಸರಿ ಅನಿಸುವುದಿಲ್ಲ.

ಒಳ್ಳೆಯದೂ ಇತ್ತು. 2014ರಿಂದ ವಾಕ್-ಆನ್ ಹುಡುಗರಿಗೂ ತಂಡದ ಊಟ ಸಿಗುತ್ತದೆ. ನಮ್ಮ ಹುಡುಗ ಹೊಟ್ಟೆ ತುಂಬ ತಿಂದ. ಟ್ಯೂಟರ್‌ಗಳು ಇದ್ದರು. ಆ ಬೇಸಿಗೆಯಲ್ಲೇ ಎನ್‌ಸಿಎಎ ಒಂದು ನಿಯಮ ಬದಲಿಸಿತು. ಮುಂಚೆ ಹೆಡ್ ಕೋಚ್ ಮತ್ತು 10 ಅಸಿಸ್ಟೆಂಟ್‌ಗಳು ಮಾತ್ರ ಮೈದಾನದಲ್ಲಿ ಕಲಿಸಬಹುದಿತ್ತು. ಈಗ ಅನಲಿಸ್ಟ್‌ಗಳು, ಅಂದರೆ ಆಟದ ವಿಶ್ಲೇಷಣೆಗೆ ಇರುವ ಸಿಬ್ಬಂದಿ, ಕೂಡ ಕಲಿಸಬಹುದು. ಕಿಕ್ಕರ್‌ಗಳಿಗೆ ಇದು ದೊಡ್ಡ ಅನುಕೂಲ. ಏಕೆಂದರೆ ಬಹಳ ತಂಡಗಳಲ್ಲಿ ಕಿಕ್ಕಿಂಗ್ ನಿಜವಾಗಿ ಬಲ್ಲವರು ಅನಲಿಸ್ಟ್ ಆಗಿಯೇ ಇರುತ್ತಾರೆ. ಮಗ ಅಲ್ಲಿ ಕಲಿತದ್ದು ಇವತ್ತಿಗೂ ಅವನ ಕಾಲಲ್ಲಿದೆ.

ಓದಿನ ಕಥೆ ಕಷ್ಟದ್ದು. ನಿಯಮದ ಪ್ರಕಾರ ಸೀಸನ್‌ನಲ್ಲಿ ಆಟಕ್ಕೆ ವಾರಕ್ಕೆ ಹೆಚ್ಚೆಂದರೆ 20 ಗಂಟೆ, ವಾರದಲ್ಲಿ ಒಂದು ದಿನ ರಜೆ. ಆದರೆ ಪಂದ್ಯದ ದಿನ ಎಷ್ಟೇ ಹೊತ್ತಾದರೂ ಲೆಕ್ಕಕ್ಕೆ 3 ಗಂಟೆ. ಪ್ರಯಾಣ, ಗಾಯದ ಚಿಕಿತ್ಸೆ, "ಇಷ್ಟವಿದ್ದರೆ ಬಾ" ಅನ್ನುವ ಅಭ್ಯಾಸ ಯಾವುದೂ ಲೆಕ್ಕಕ್ಕಿಲ್ಲ. ಬೆಳಗ್ಗೆ 6ಕ್ಕೆ ಜಿಮ್, ಮಧ್ಯಾಹ್ನ ಮೀಟಿಂಗ್, ಆಮೇಲೆ ಪ್ರಾಕ್ಟೀಸ್. ಫಿಸಿಕ್ಸ್ ಲ್ಯಾಬ್ ಮಧ್ಯಾಹ್ನವೇ. ತಂಡದ ಅಕಾಡೆಮಿಕ್ ಅಡ್ವೈಸರ್ ಮೊದಲ ವಾರವೇ ಬೇರೆ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ತೆಗೆದುಕೊಳ್ಳಲು ಸೂಚಿಸಿದರು. ಅವರ ಉದ್ದೇಶ ಕೆಟ್ಟದಲ್ಲ. ಹುಡುಗ ಆಡಲು ಅರ್ಹನಾಗಿರಬೇಕು, ಅದು ಅವರ ಕೆಲಸ. ತಂಡದ ಎಪಿಆರ್ ಅಂಕ (ಆಟಗಾರರ ಓದಿನ ಪ್ರಗತಿ ಅಳೆಯುವ ಅಂಕ) 1000ಕ್ಕೆ 930ಕ್ಕಿಂತ ಕೆಳಗಿಳಿದರೆ ದಂಡ ಇದೆ. ಆದರೆ ಅರ್ಹತೆ ಉಳಿಯುವುದೇ ಬೇರೆ, ಡಿಗ್ರಿ ಮುಗಿಯುವುದೇ ಬೇರೆ. ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಯಲ್ಲಿ ಹದಿನೆಂಟು ವರ್ಷ ಪಾಠವೇ ಇಲ್ಲದ ಕ್ಲಾಸ್‌ಗಳು ನಡೆದು, 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅದರಲ್ಲಿ ಹೆಸರು ಹಚ್ಚಿದ್ದರು ಎಂದು 2014ರ ತನಿಖಾ ವರದಿ ಹೇಳಿತು. ಅವರಲ್ಲಿ ಅರ್ಧದಷ್ಟು ಜನ ಕ್ರೀಡಾಪಟುಗಳು. ಅದನ್ನು ಓದಿದ್ದರಿಂದ ನಾನು ಗಟ್ಟಿ ನಿಂತೆ. ಮಗನೂ ಎಂಜಿನಿಯರಿಂಗ್ ಬಿಡಲ್ಲ ಅಂದ. ತಂಡದ ಅಡ್ವೈಸರ್ ಜತೆಗೆ ಎಂಜಿನಿಯರಿಂಗ್ ವಿಭಾಗದ ಅಡ್ವೈಸರನ್ನೂ ಪ್ರತಿ ಸೆಮಿಸ್ಟರ್ ಕಾಣುವುದು ಅವನ ಅಭ್ಯಾಸ ಆಯಿತು. ಇದೊಂದು ಅಭ್ಯಾಸ ಮುಂದೆ ಅವನನ್ನು ಉಳಿಸಿತು.

ಆ ವರ್ಷ ಅವನು ರೆಡ್‌ಶರ್ಟ್. ಅಂದರೆ ನಾಲ್ಕಕ್ಕಿಂತ ಹೆಚ್ಚು ಪಂದ್ಯ ಆಡದೆ, ಆಡುವ ಹಕ್ಕಿನ ವರ್ಷವನ್ನು ಉಳಿಸಿಕೊಳ್ಳುವುದು. ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡಬಹುದು. ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಒದೆಯುತ್ತಿದ್ದ. ಮುಂದಿನ ವರ್ಷ ಕಿಕಾಫ್ (ಆಟ ಶುರುಮಾಡುವ ಒದೆತ) ನಿನಗೇ ಎಂಬ ಮಾತೂ ಆಗಿತ್ತು.

ಅಷ್ಟರಲ್ಲಿ ಹೌಸ್ ಕೇಸ್ ಬಂತು. ಅರಿಜೋನಾ ಸ್ಟೇಟ್‌ನ ಈಜುಗಾರ ಗ್ರ್ಯಾಂಟ್ ಹೌಸ್ ಮತ್ತಿತರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆ. ರಾಜಿ ಹೀಗೆ: ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಇನ್ನು ಮುಂದೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ 2.05 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್‌ಗೇ. 85 ಸ್ಕಾಲರ್‌ಶಿಪ್ ಮಿತಿ ರದ್ದು. ಅದರ ಬದಲು ತಂಡದಲ್ಲಿ ಇರಬಹುದಾದ ಒಟ್ಟು ಜನ 105. ಆಟಗಾರರಿಗೆ ದುಡ್ಡು ಸಿಗಬೇಕಾದ್ದು ನ್ಯಾಯವೇ, ನಾನು ಅದನ್ನು ಒಪ್ಪುತ್ತೇನೆ. ಆದರೆ 105ರ ಗೆರೆ ಬಿದ್ದದ್ದು ದುಡ್ಡು ಕೊಟ್ಟು ಓದುತ್ತಿದ್ದ ಹುಡುಗರ ಮೇಲೆ.

ರಾಜಿಗೆ ಕೋರ್ಟಿನ ಅಂತಿಮ ಒಪ್ಪಿಗೆ ಸಿಗುವ ಮೊದಲೇ ತಂಡಗಳು ಪಟ್ಟಿ ಕತ್ತರಿಸಿದವು. 2025ರ ಏಪ್ರಿಲ್‌ನಲ್ಲಿ ಮಗನನ್ನು ಕೋಚ್ ಆಫೀಸಿಗೆ ಕರೆದರು. ಮಾತು ಐದು ನಿಮಿಷವೂ ನಡೆಯಲಿಲ್ಲವಂತೆ. "ನಿನ್ನ ತಪ್ಪು ಏನೂ ಇಲ್ಲ, ಜಾಗ ಇಲ್ಲ." ಮಗ ಫೋನ್ ಮಾಡಿ, "ಅಮ್ಮ, ಕ್ಲಾಸ್ ಇದೆ, ಆಮೇಲೆ ಮಾತಾಡ್ತೀನಿ" ಅಂದ. ಅವತ್ತು ಥರ್ಮೋಡೈನಮಿಕ್ಸ್ ಪರೀಕ್ಷೆ ಇತ್ತು. ಬರೆದ. ಅವನು ಬರೆದ ಎಂಬುದೇ ನನಗೆ ದೊಡ್ಡದು.

ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರು ಹೆಸರು ಹಾಕಿಸುವ ಟ್ರಾನ್ಸ್‌ಫರ್ ಪೋರ್ಟಲ್ ಆ ವಸಂತದಲ್ಲಿ ಏಪ್ರಿಲ್ 16ರಿಂದ 25ರವರೆಗೆ ಮಾತ್ರ ತೆರೆದಿತ್ತು. ಹತ್ತು ದಿನದಲ್ಲಿ ತೀರ್ಮಾನ. ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ (ಕ್ರೀಡಾ ನಿಯಮ ನೋಡಿಕೊಳ್ಳುವ ಕಚೇರಿ) ಬರೆದು ಕೊಟ್ಟರೆ ಎರಡು ಕೆಲಸದ ದಿನದೊಳಗೆ ಅವರು ಹೆಸರು ಹಾಕಬೇಕು. ಹೆಸರು ಹಾಕಿದ ಕ್ಷಣದಿಂದ ಹಳೆಯ ತಂಡದ ಜಿಮ್, ಊಟ, ಟ್ಯೂಟರ್ ನಿಲ್ಲಬಹುದು. ನಮಗೆ ನಿಂತವು. ಫೈನಲ್ ಪರೀಕ್ಷೆಯ ಹೊತ್ತಿಗೇ ಟ್ಯೂಟರ್ ಇಲ್ಲದಂತಾಯಿತು. ಪೋರ್ಟಲ್‌ಗೆ ಹೋಗುವ ಮೊದಲು ಆ ಸೆಮಿಸ್ಟರ್ ಮುಗಿಯುವವರೆಗಾದರೂ ಓದಿನ ನೆರವು ಕೊಡುತ್ತೀರಾ ಎಂದು ಕೇಳಿ. ಕೆಲವು ಕಾಲೇಜುಗಳು ಕೊಡುತ್ತವೆ. ಆಮೇಲೆ ವಸಂತದ ಅವಧಿಯನ್ನೇ ರದ್ದುಮಾಡಿ, 2026ರಲ್ಲಿ ಜನವರಿ 2ರಿಂದ 16ರವರೆಗೆ ಒಂದೇ ಸಲ ಮಾಡಿದರು. ದಿನಾಂಕ ಪ್ರತಿ ವರ್ಷ ನೋಡಿಕೊಳ್ಳಿ.

ಜೂನ್ 6ಕ್ಕೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅಂತಿಮ ಒಪ್ಪಿಗೆ ಕೊಟ್ಟರು. ಅದಕ್ಕೂ ಮೊದಲು ಅವರು 105ರ ವಿಷಯದಲ್ಲಿ ತಡೆದು, ಜಾಗ ಕಳೆದುಕೊಂಡ ಮಕ್ಕಳಿಗೆ ಏನಾದರೂ ಮಾಡಿ ಎಂದು ಒತ್ತಾಯಿಸಿದ್ದರು. ಅದರಿಂದ ಬಂದದ್ದು "ಡೆಸಿಗ್ನೇಟೆಡ್ ಸ್ಟೂಡೆಂಟ್ ಅಥ್ಲೀಟ್" ಪಟ್ಟಿ. ಈ ಮಿತಿಯ ಕಾರಣಕ್ಕೆ ಹೊರಬಿದ್ದವರ ಹೆಸರನ್ನು ಕಾಲೇಜು ಈ ಪಟ್ಟಿಗೆ ಸೇರಿಸಿದರೆ, ಅವರು ಯಾವ ಕಾಲೇಜಿಗೆ ಹೋದರೂ, ಆಡುವಷ್ಟು ಕಾಲ, 105ರ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಿ ಕೊಡಲು ಒಂದು ತಿಂಗಳು ಗಡುವು. ವಾಪಸ್ ಸೇರಿಸಿಕೊಳ್ಳಲೇಬೇಕೆಂಬ ಕಡ್ಡಾಯ ಇಲ್ಲ. ಗಂಡ ದಿನಾ ಕಂಪ್ಲಯನ್ಸ್ ಆಫೀಸಿಗೆ ಫೋನ್ ಹಚ್ಚಿದರು. ಮಗನ ಹೆಸರು ಸೇರಿದೆ ಎಂಬ ಇಮೇಲ್ ಬಂದ ಮೇಲೇ ಬಿಟ್ಟರು. ಆ ಬೇಸಿಗೆಯಲ್ಲಿ ಹೊರಬಿದ್ದ ಮಕ್ಕಳ ಹೆತ್ತವರೇ, ಆ ಇಮೇಲನ್ನು ಜೋಪಾನವಾಗಿಡಿ. ಮುಂದೆ ಬೇರೆ ಕಾಲೇಜು ಕೇಳಿದರೆ ಅದೇ ಆಧಾರ.

ಕೊನೆಗೆ ಸಿಕ್ಕದ್ದು ಡಿವಿಷನ್ 1ರ ಕೆಳಗಿನ ಹಂತದ, ಅಂದರೆ ಎಫ್‌ಸಿಎಸ್‌ನ, ಒಂದು ಕಾಲೇಜು. ಅವರು ಹೌಸ್ ರಾಜಿಗೆ ಸೇರಿಲ್ಲ. ಹಾಗಾಗಿ ಅಲ್ಲಿ 105ರ ಮಿತಿಯೂ ಇಲ್ಲ, ಕಾಲೇಜಿನಿಂದ ನೇರ ಸಂಬಳವೂ ಇಲ್ಲ. 63 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ದುಡ್ಡನ್ನು ಹೆಚ್ಚು ಹುಡುಗರಿಗೆ ಹಂಚಬಹುದು. ಮಗನಿಗೆ ಒಂದು ತುಂಡು ಕೊಟ್ಟರು. ಹೊರರಾಜ್ಯದ ಶುಲ್ಕದಲ್ಲೂ ಒಂದಿಷ್ಟು ಬಿಟ್ಟರು. ಈಗ ನಮ್ಮ ಕೈಯಿಂದ ವರ್ಷಕ್ಕೆ ಸುಮಾರು 20 ಸಾವಿರ ಡಾಲರ್ ಹೋಗುತ್ತದೆ, ಮುಂಚಿನ ಅರ್ಧಕ್ಕಿಂತ ಕಡಿಮೆ. ದೊಡ್ಡ ಹೆಸರಿನ ಹಿಂದೆ ಬಿದ್ದ ಮಕ್ಕಳಿಗೆ ಎಫ್‌ಸಿಎಸ್ ಅಂದರೆ ಇಳಿದುಹೋದಹಾಗೆ ಅನಿಸುತ್ತದೆ. ಹಾಗಲ್ಲ. ಅವನು ಅಲ್ಲಿ ಮೊದಲ ವಾರದಿಂದ ಕಿಕಾಫ್ ಮಾಡಿದ. ಸಣ್ಣ ಕಾಲೇಜಿನ ಹಣಕಾಸು ಅಲ್ಲಿ ಕಣ್ಣಿಗೇ ಕಾಣುತ್ತದೆ. ಸೀಸನ್‌ಗೆ ಒಂದು ಪಂದ್ಯ ದೊಡ್ಡ ತಂಡದ ಮೈದಾನದಲ್ಲಿ ಆಡುತ್ತಾರೆ. ಸೋಲುವುದೇ ಹೆಚ್ಚು, ಆದರೆ ಆ ಒಂದು ಪಂದ್ಯಕ್ಕೆ ಸಿಗುವ ಲಕ್ಷಗಟ್ಟಲೆ ಡಾಲರ್ ವರ್ಷದ ಬಜೆಟ್‌ಗೆ ಆಸರೆ.

ಆದರೆ ಕ್ರೆಡಿಟ್! ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಹೊಸ ಕಾಲೇಜು ಮೊದಲ ವರ್ಷದ ಕ್ರೆಡಿಟ್‌ಗಳನ್ನು ಬಹುತೇಕ ಒಪ್ಪಿತು. ಒಪ್ಪಿತು ಅಂದರೆ ಅವು ಮೇಜರ್‌ಗೆ ಲೆಕ್ಕವಾಯಿತು ಅಂತ ಅಲ್ಲ. ಎರಡು ಎಂಜಿನಿಯರಿಂಗ್ ಕೋರ್ಸ್‌ಗಳನ್ನು ಸುಮ್ನೆ ಎಲೆಕ್ಟಿವ್ (ಮೇಜರ್‌ಗೆ ಸೇರದ ಐಚ್ಛಿಕ ಕೋರ್ಸ್) ಎಂದು ಬರೆದುಕೊಂಡರು. ಎನ್‌ಸಿಎಎ ನಿಯಮದಲ್ಲಿ ಎರಡನೇ ವರ್ಷ ಮುಗಿಯುವಾಗ ಡಿಗ್ರಿಯ 40 ಶೇಕಡ, ಮೂರನೇ ವರ್ಷಕ್ಕೆ 60, ನಾಲ್ಕಕ್ಕೆ 80 ಮುಗಿದಿರಬೇಕು. 128 ಕ್ರೆಡಿಟ್‌ನ ಡಿಗ್ರಿ ಆದರೆ ಎರಡನೇ ವರ್ಷದ ಕೊನೆಗೆ 52 ಬೇಕು, ಅದೂ ಆ ಡಿಗ್ರಿಗೆ ಸೇರುವಂಥವು. ಎಲೆಕ್ಟಿವ್ ರಾಶಿ ಬಿದ್ದಿದ್ದರೆ ಹುಡುಗ ಜಾಣನಾಗಿದ್ದೂ ಆಡಲು ಅನರ್ಹ. ಮೇಜರ್ ಬದಲಿಸಿ ಎಂದು ಒತ್ತಡ ಬರುವುದು ಇಲ್ಲೇ.

ಮಗ ಹಳೆಯ ಎಂಜಿನಿಯರಿಂಗ್ ಅಡ್ವೈಸರಿಗೆ ಬರೆದ. ಅವರು ಎರಡೂ ಕೋರ್ಸ್‌ಗಳ ಸಿಲಬಸ್, ಪಠ್ಯದ ಅಧ್ಯಾಯ, ಲ್ಯಾಬ್ ಪಟ್ಟಿ ಎಲ್ಲ ಒಂದೇ ದಿನದಲ್ಲಿ ಕಳಿಸಿಕೊಟ್ಟರು. ಪುಣ್ಯಾತ್ಮರು. ಅದನ್ನಿಟ್ಟುಕೊಂಡು ಹೊಸ ವಿಭಾಗಕ್ಕೆ ಮೇಲ್ಮನವಿ ಹಾಕಿದ. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ಕಮಿಟಿ ಸೇರಿಲ್ಲ ಎಂದರು. ಪ್ರತಿ ಶನಿವಾರ ಪಂದ್ಯ ನೋಡುವಾಗಲೂ ನನ್ನ ತಲೆಯಲ್ಲಿ ಆ ಎರಡು ಕೋರ್ಸ್‌ಗಳೇ. ಒಂದು ಕೋರ್ಸ್ ನವೆಂಬರ್‌ನಲ್ಲಿ ಒಪ್ಪಿದರು. ಇನ್ನೊಂದು ಜನವರಿಯ ಆಡಿಟ್‌ನಲ್ಲಿ ಕಂಡಿತು. ನಿಮ್ಮ ಮಕ್ಕಳಿಗೆ ಹೇಳಿ: ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಮೊದಲ ದಿನವೇ ಉಳಿಸಿಡಲಿ. ಕಾಲೇಜು ಬಿಟ್ಟ ಮೇಲೆ ಅದರ ಪೋರ್ಟಲ್‌ಗೆ ಲಾಗಿನ್ ಸಿಗದೆ ಹೋಗಬಹುದು. ಮತ್ತೆ, ಹೊಸ ಕಾಲೇಜಿಗೆ ಹೂಂ ಅನ್ನುವ ಮೊದಲು ಯಾವ ಕ್ರೆಡಿಟ್ ಯಾವ ಅವಶ್ಯಕತೆಗೆ ಹೋಗುತ್ತದೆ ಎಂಬ ಪಟ್ಟಿ ಬರಹದಲ್ಲಿ ಕೇಳಿ. ಕೋಚ್ ಬೇಗ ತರಿಸಿಕೊಡಬಲ್ಲರು, ಆಗ ಅವರಿಗೆ ನಿಮ್ಮ ಮಗ ಬೇಕಾಗಿರುತ್ತಾನೆ.

ಬಿಡಿ ವಿಷಯ ಒಂದಷ್ಟು. ಗಾಯವಾದರೆ ಬಹಳ ಕಾಲೇಜುಗಳಲ್ಲಿ ಮೊದಲು ನಮ್ಮ ಮನೆಯ ಇನ್ಶೂರೆನ್ಸ್, ಆಮೇಲೆ ಅವರದು. ನಮ್ಮ ಪ್ಲಾನ್ ಹೊರರಾಜ್ಯದ ಆಸ್ಪತ್ರೆಗೆ ಸರಿಯಾಗಿ ಕೊಡುತ್ತಿರಲಿಲ್ಲ. ಬದಲಿಸಿದೆವು, ತಿಂಗಳ ಕಂತು ಏರಿತು. ಸ್ಕಾಲರ್‌ಶಿಪ್‌ನಲ್ಲಿ ಊಟ, ವಸತಿಯ ಪಾಲಿಗೆ ತೆರಿಗೆ ಇದೆ. ಟ್ಯೂಷನ್, ಪುಸ್ತಕದ ಪಾಲಿಗೆ ಇಲ್ಲ. ತೆರಿಗೆ ಲೆಕ್ಕ ನೋಡುವ ಸಿಪಿಎ ಹತ್ತಿರ ಮಾತಾಡಿ.

ಎಚ್-4 ವೀಸಾದಲ್ಲಿರುವ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಬಂದ) ಮಕ್ಕಳ ಹೆತ್ತವರು ಇನ್ನೂ ಹುಷಾರಾಗಿರಬೇಕು. ಆ ಮಕ್ಕಳಿಗೆ ಫಾಫ್ಸಾ ಮೂಲಕ ಕೇಂದ್ರದ ನೆರವು ಸಿಗುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ, ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಓದಿನ, ಆಟದ ಸ್ಕಾಲರ್‌ಶಿಪ್ ತೆಗೆದುಕೊಳ್ಳಬಹುದು. ಆದರೆ ಹೆಸರು, ಚಿತ್ರ ಬಳಸಿ ದುಡಿಯುವ ಎನ್‌ಐಎಲ್ ಹಣವಾಗಲಿ, ಕಾಲೇಜು ಕೊಡುವ ಪಾಲಾಗಲಿ ವೀಸಾಕ್ಕೆ ಕುತ್ತು ತರಬಹುದು. ತಂಡದ ಗೆಳೆಯರು ತೆಗೆದುಕೊಳ್ಳುತ್ತಾರೆ ಎಂದು ಒಂದು ಟಿ-ಶರ್ಟ್ ಜಾಹೀರಾತಿಗೂ ಸಹಿ ಹಾಕಿಸಬೇಡಿ. ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ನಮ್ಮ ಮಗ ಇಲ್ಲೇ ಹುಟ್ಟಿದವನಾದ್ದರಿಂದ ನಮಗೆ ಈ ಭಯ ಇರಲಿಲ್ಲ. ಜತೆಯ ಒಂದು ಕುಟುಂಬ ಇದರಲ್ಲಿ ಪಟ್ಟ ಪಾಡು ಹತ್ತಿರದಿಂದ ನೋಡಿದ್ದೇನೆ.

ಈಗಿನ ಸ್ಥಿತಿ ಹೀಗಿದೆ. ಮಗನ ಸ್ಕಾಲರ್‌ಶಿಪ್ ಒಂದು ವರ್ಷದ್ದು. ಮುಂದುವರಿಸುತ್ತಾರೋ ಇಲ್ಲವೋ ಎಂಬುದನ್ನು ಕಾಲೇಜು ಜುಲೈ 1ರೊಳಗೆ ಬರಹದಲ್ಲಿ ತಿಳಿಸಬೇಕು. ತಗ್ಗಿಸಿದರೆ ಅಥವಾ ನಿಲ್ಲಿಸಿದರೆ ಮೇಲ್ಮನವಿ ಹಾಕುವ ಹಕ್ಕು ನಮಗಿದೆ. ಆ ಅರ್ಜಿಯನ್ನು ಹಣಕಾಸು ನೆರವಿನ ಆಫೀಸಿಗೆ ಕೊಡಬೇಕು, ಕೋಚ್‌ಗೆ ಅಲ್ಲ. ಈ ಸೆಮಿಸ್ಟರ್ ಅವನು 16 ಕ್ರೆಡಿಟ್ ತೆಗೆದುಕೊಂಡಿದ್ದಾನೆ. ಅವೆಲ್ಲ ಮುಗಿದರೆ ಮೇ ಹೊತ್ತಿಗೆ 52 ದಾಟುತ್ತಾನೆ. ವಸಂತದ ಪ್ರಾಕ್ಟೀಸ್ ಮಾರ್ಚ್‌ನಲ್ಲಿ ಶುರು. ಲ್ಯಾಬನ್ನು ಈ ಸಲ ಸಂಜೆಗೆ ಹಾಕಿಸಿಕೊಂಡಿದ್ದಾನೆ.